ಐನ್‌ಮನೆ ಪೆಟ್ಟಿಗೆಯ ಕಾಗದ ಮತ್ತು ಸಂಪಾದಕರ ‘ಆಧಾರ ಸಾಲದು’

ಇತಿಹಾಸ ಪತ್ರಿಕೆಗಳಿಗೆ ಲೇಖನ ಕಳಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹಳೆಯವೇ. ಅಕ್ಷರದ ಗಾತ್ರ ಎಷ್ಟು, ಸಾರಾಂಶ ಎಷ್ಟು ಪದ, ಚಿತ್ರ ಎಲ್ಲಿ ಹಾಕಬೇಕು ಅಂತ ಪ್ರತಿ ಪತ್ರಿಕೆಯೂ ಲೇಖಕರಿಗೆ ಸೂಚನೆ ಕೊಟ್ಟಿರುತ್ತದೆ. ಅದನ್ನು ಓದಿಕೊಳ್ಳಿ, ನನ್ನನ್ನು ಕೇಳಬೇಡಿ. ಆದರೆ ಒಂದು ಪ್ರಶ್ನೆ ಮಾತ್ರ ಕೊಡಗಿನ ಮೂಲೆ ಮೂಲೆಯಿಂದ ಬರುತ್ತಲೇ ಇದೆ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ನಮ್ಮ ಐನ್‌ಮನೆಯ (ಒಕ್ಕದ, ಅಂದರೆ ಮನೆತನದ, ಮೂಲಮನೆಯ) ಮರದ ಪೆಟ್ಟಿಗೆಯಲ್ಲಿ ಹಳೆಯ ಕಾಗದ ಸಿಕ್ಕಿತು. ‘ಹೇವಿಳಂಬಿ ಸಂವತ್ಸರದ ಮಾಘ ಮಾಸ’ ಅಂತಿದೆ. ಪಾರುಪತ್ಯಗಾರರಿಗೆ ಭತ್ತ, ಆಳು ಕಳಿಸಿದ ಲೆಕ್ಕ ಅದರಲ್ಲಿದೆ. ಹೇವಿಳಂಬಿ ಅಂದರೆ 1837, ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಅಮರಸುಳ್ಯ ದಂಗೆ ಎದ್ದ ವರ್ಷ. ನಮ್ಮ ಹಿರಿಯರು ದಂಗೆಯವರಿಗೆ ಗುಟ್ಟಾಗಿ ನೆರವು ಕೊಟ್ಟರು ಅಂತ ಮನೆಯಲ್ಲಿ ಹೇಳುತ್ತಾರೆ. ಇದನ್ನಿಟ್ಟು ಲೇಖನ ಬರೆದೆ. ಪರಿಶೀಲಕರಿಗೂ ಕಳಿಸದೆ ‘ಆಧಾರ ಸಾಲದು’ ಎಂದು ವಾಪಸ್ ಮಾಡಿದ್ದಾರೆ. ಮೂಲ ಕಾಗದಕ್ಕಿಂತ ದೊಡ್ಡ ಆಧಾರ ಏನು ಬೇಕು ಮೇಡಂ? (ವಿರಾಜಪೇಟೆ ತಾಲ್ಲೂಕಿನ ಓದುಗರು)

ಉತ್ತರ: ಕಾಗದ ಹಳೆಯದು ಅಂತ ನಾನೂ ಒಪ್ಪುತ್ತೇನೆ. ಆದರೆ ನೀವು ಹೇಳುವ ಮಾತಿಗೆ ಅದು ಆಧಾರ ಅಲ್ಲ. ಸಂಪಾದಕರು ಸರಿಯಾಗಿಯೇ ಮಾಡಿದ್ದಾರೆ.

ಮೊದಲು ತಾರೀಕು ನೋಡೋಣ. ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತುತ್ತದೆ. 1837ರಲ್ಲಿ ಬಂದ ಹೇವಿಳಂಬಿ 1777ರಲ್ಲೂ ಬಂದಿತ್ತು, 1897ರಲ್ಲೂ ಬಂತು. ನೀವು ಕಳಿಸಿದ ಫೋಟೋದಲ್ಲಿ ಶಕ ವರ್ಷ ಇಲ್ಲ. ಮೂರರಲ್ಲಿ ನಡುವಿನದನ್ನೇ ಯಾಕೆ ಆರಿಸಿದಿರಿ? ದಂಗೆ ಆ ವರ್ಷ ಆಯಿತು ಅಂತ ತಾನೇ? ಮನೆಯ ಕತೆಯಿಂದ ಕಾಗದಕ್ಕೆ ತಾರೀಕು ಕೊಟ್ಟಿರಿ, ಆ ತಾರೀಕಿನಿಂದ ಮನೆಯ ಕತೆ ನಿಜ ಅಂದಿರಿ. ಲೇಖನದಲ್ಲಿ ಇದು ಎದ್ದು ಕಾಣುತ್ತದೆ.

ಇನ್ನು ಮಾಘ ಮಾಸ. ಸಂವತ್ಸರ ಶುರುವಾಗುವುದು ಯುಗಾದಿಗೆ, ಮಾಘ ಬರುವುದು ಜನವರಿ-ಫೆಬ್ರವರಿಯಲ್ಲಿ. ಹಾಗಾಗಿ ನಿಮ್ಮ ಕಾಗದ 1778ರದ್ದು, 1838ರದ್ದು ಅಥವಾ 1898ರದ್ದು. 1837ರದ್ದಂತೂ ಅಲ್ಲವೇ ಅಲ್ಲ. ದಂಗೆ ಜೋರಾಗಿದ್ದದ್ದು 1837ರ ಮಾರ್ಚ್-ಏಪ್ರಿಲ್‌ನಲ್ಲಿ. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ್ದು ಅದೇ ವರ್ಷ ಅಕ್ಟೋಬರ್ 31ರಂದು. 1838ರ ಮಾಘದಲ್ಲಿ ಗುಟ್ಟಾಗಿ ಭತ್ತ ಕಳಿಸಿದ್ದು ಯಾರಿಗೆ? ಅದೂ ಪಾರುಪತ್ಯಗಾರರ ಕೈಗೆ! ಅವರು ಸರ್ಕಾರದ ಕಡೆಯವರು. ಸರ್ಕಾರದ ಲೆಕ್ಕಕ್ಕೆ ಹೋದದ್ದು ಗುಟ್ಟಿನ ನೆರವು ಹೇಗಾಗುತ್ತದೆ?

ತಾರೀಕು ಗಟ್ಟಿ ಮಾಡಿಕೊಳ್ಳಲು ದಾರಿಗಳಿವೆ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ಇದೆಯಾ ನೋಡಿ. ಆ ಕಾಲದ ಇಂಗ್ಲೆಂಡಿನ ಕಾಗದದಲ್ಲಿ ಎಷ್ಟೋ ಸಲ ಇಸವಿಯೇ ಇರುತ್ತದೆ. ಅಲ್ಲಿ 1834 ಅಂತ ಕಂಡರೆ 1778ರ ಮಾತು ಮುಗಿಯಿತು. 1898 ಮಾತ್ರ ಉಳಿದೇ ಇರುತ್ತದೆ, ಹಳೆಯ ಹಾಳೆಯ ಮೇಲೆ ಆಮೇಲೂ ಬರೆಯಬಹುದು ಅಲ್ವಾ? ತಿಥಿಯ ಜೊತೆ ವಾರವೂ ಬರೆದಿದ್ದರೆ ಮೂರು ವರ್ಷಗಳಲ್ಲಿ ಯಾವುದಕ್ಕೆ ಕೂಡಿಬರುತ್ತದೆ ನೋಡಿ. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಲೆಕ್ಕ ಹಾಕಿಟ್ಟ ಪಂಚಾಂಗ ಕೋಷ್ಟಕಗಳು ಇರುವುದೇ ಇದಕ್ಕೆ. ಜ್ಯೋತಿಷಿಗಳ ಹತ್ತಿರ ಮಾತ್ರ ಹೋಗಬೇಡಿ. ಒಬ್ಬರು ಹೋಗಿ, ಕಾಗದದ ಇಸವಿ ಬಿಟ್ಟು ತಮ್ಮ ಗ್ರಹಗತಿ ಕೇಳಿಕೊಂಡು ಬಂದರು.

ಲೆಕ್ಕದಲ್ಲಿ ವರಹ, ಹಣ ಇದೆಯೋ, ರೂಪಾಯಿ, ಆಣೆ ಇದೆಯೋ ಗಮನಿಸಿ, ನಾಣ್ಯದಿಂದಲೂ ಕಾಲದ ಸುಳಿವು ಸಿಗಬಹುದು. ಹಾಳೆಯ ಹಿಂಬದಿಯನ್ನೂ ನೋಡಿ. ನೀವು ಒಂದೇ ಕಡೆಯ ಫೋಟೋ ಕಳಿಸಿದ್ದೀರಿ. ಅದೇ ಪೆಟ್ಟಿಗೆಯಲ್ಲಿ ಶಕ ವರ್ಷ ಇರುವ ಬೇರೆ ಕಾಗದ ಇದ್ದರೆ ಎರಡರ ಬರವಣಿಗೆ ಹೋಲಿಸಿ. ‘ಪಾರುಪತ್ಯಗಾರ’ ಎಂಬ ಹೆಸರೊಂದನ್ನೇ ನಂಬಿ ಕಾಲ ಹೇಳಬೇಡಿ. ಆ ಹುದ್ದೆ ಕೊಡಗನ್ನು ಆಳಿದ ಹಾಲೇರಿ ರಾಜರ ಕಾಲದಲ್ಲೂ ಇತ್ತು, 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಬಂದ ಮೇಲೂ ಉಳಿಯಿತು.

ಆಮೇಲೆ ಬೇರೆ ಕಡೆಯ ದಾಖಲೆ. ಮಡಿಕೇರಿಯಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ ಅಂತ ಬರೆದಿದ್ದೀರಿ. ಸಿಗುವುದಾದರೂ ಹೇಗೆ? 1834ರ ನಂತರ ಅಮರಸುಳ್ಯ, ಪುತ್ತೂರು ಕಡೆಯನ್ನು ಕೊಡಗಿನಿಂದ ತೆಗೆದು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಕೆನರಾ ಆಗ ಮದ್ರಾಸ್ ಆಡಳಿತದಲ್ಲಿತ್ತು. ಆ ಕಡೆಯ ಕಂದಾಯದ ಕಡತಗಳನ್ನು ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಹುಡುಕಬೇಕು. ಭಾರತ ಸರ್ಕಾರಕ್ಕೆ ಹೋದ ಪತ್ರಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಅದರ ‘ಅಭಿಲೇಖ್ ಪಟಲ್’ ತಾಣದಲ್ಲಿ ಬೇಕಾದಷ್ಟು ಕಡತ ಮನೆಯಲ್ಲೇ ಕೂತು ಓದಬಹುದು. ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ಬಿಡಬೇಡಿ. ಇದ್ಯಾವುದನ್ನೂ ನೋಡದೆ ‘ದಾಖಲೆಗಳು ಮೌನವಾಗಿವೆ’ ಅಂತ ಬರೆದರೆ ಪರಿಶೀಲಕರು ಸಿಟ್ಟಾಗುತ್ತಾರೆ.

ನಿಮ್ಮ ಅಡಿಟಿಪ್ಪಣಿಗಳಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೋಗ್ಲಿಂಗ್ (1855), ರಿಕ್ಟರ್ (1870), ರೈಸ್ (1878) ಮೂವರೂ ಸಾಲಾಗಿ ನಿಂತಿದ್ದಾರೆ, ಮೂರು ಸಾಕ್ಷಿ ಎಂಬಂತೆ. ಹಿಂದಿನವರು ಬರೆದದ್ದನ್ನು ಮುಂದಿನವರು ತೆಗೆದುಕೊಂಡಿದ್ದಾರೆ. ಒಂದೇ ಬಾವಿಯ ನೀರನ್ನು ಮೂರು ಕೊಡದಲ್ಲಿ ತಂದಿಟ್ಟ ಹಾಗಾಯಿತು. ಮೊದಲು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು ಅಂತ ನೋಡಿ ಅವರನ್ನು ಹೆಸರಿಸಿ.

ಈಗ ಅಡಿಟಿಪ್ಪಣಿ. ‘ಲೇಖಕರ ಮನೆಯ ದಾಖಲೆ’ ಅಂತಷ್ಟೇ ಬರೆದಿದ್ದೀರಿ. ಅದನ್ನು ಓದಿದವರು ನಾಳೆ ಆ ಕಾಗದವನ್ನು ಹೇಗೆ ಹುಡುಕಬೇಕು? ಹೀಗೆ ಬರೆಯಿರಿ: ಭತ್ತ ಮತ್ತು ಆಳಿನ ಲೆಕ್ಕ, ಕನ್ನಡ, ಒಂದು ಹಾಳೆ, ಎರಡೂ ಬದಿ, ಹೇವಿಳಂಬಿ ಸಂ. ಮಾಘ, ಶಕ ವರ್ಷ ಇಲ್ಲ. ಇಂಥ ಒಕ್ಕದ ಐನ್‌ಮನೆ ಸಂಗ್ರಹ, ಇಂಥ ಗ್ರಾಮ. ಲೇಖಕರು ಫೋಟೋ ತೆಗೆದದ್ದು ಇಂಥ ತಿಂಗಳು, ಇಂಥ ವರ್ಷ. ಕಾಗದದ ಪೂರ್ತಿ ಪಾಠವನ್ನು ಅನುಬಂಧದಲ್ಲಿ ಕೊಡಿ. ಓದಲಾಗದ ಕಡೆ ಚುಕ್ಕಿ ಇಡಿ, ಊಹೆಯಿಂದ ತುಂಬಬೇಡಿ. ಹಿರಿಯರು ಹೇಳಿದ ಮಾತನ್ನೂ ಹಾಕಿ, ಆದರೆ ಬೇರೆ ಟಿಪ್ಪಣಿಯಲ್ಲಿ: ಯಾರು ಹೇಳಿದರು, ಯಾವಾಗ, ಅವರಿಗೆ ಯಾರು ಹೇಳಿದ್ದು. ಮನೆಯವರು ಏನನ್ನು ನೆನಪಿಟ್ಟುಕೊಂಡಿದ್ದಾರೆ ಎಂಬುದಕ್ಕೆ ಅದು ಒಳ್ಳೆಯ ಆಧಾರವೇ.

ಒಕ್ಕದ ಯಜಮಾನರಾದ ಪಟ್ಟೆದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಜಮ್ಮಾ ಜಾಗದ (ವಂಶಪಾರಂಪರ್ಯ ಹಿಡುವಳಿಯ) ಕೇಸು ಏನಾದರೂ ನಡೆಯುತ್ತಿದ್ದರೆ ವಕೀಲರನ್ನು ಕೇಳದೆ ಒಂದು ಸಾಲನ್ನೂ ಅಚ್ಚಿಗೆ ಕೊಡಬೇಡಿ. ಅತಿಯಾಯಿತು ಅನ್ನಿಸಬಹುದು. ಒಕ್ಕದವರೆಲ್ಲ ಫೋನ್ ಮಾಡಲು ಶುರು ಮಾಡಿದ ಮೇಲೆ ಅನ್ನಿಸುವುದಿಲ್ಲ.

ಇನ್ನೊಂದು ತೊಡಕಿದೆ. ಇಂಥ ಪತ್ರಿಕೆಗಳಲ್ಲಿ ಬರೆದವರು ಯಾರೆಂದು ಪರಿಶೀಲಕರಿಗೆ ಗೊತ್ತಾಗಬಾರದು. ನೀವು ಮೊದಲ ಪುಟದಿಂದ ಹೆಸರು ತೆಗೆದಿದ್ದೀರಿ, ಒಳಗೆಲ್ಲ ‘ನಮ್ಮ ಐನ್‌ಮನೆ’, ‘ನಮ್ಮ ಅಜ್ಜ’. ಕೊಡಗಿನಲ್ಲಿ ಮನೆಹೆಸರು ಹೇಳಿದರೆ ಮಿಕ್ಕದ್ದನ್ನು ಹೇಳಬೇಕೇ? ಪರಿಶೀಲನೆಯ ಪ್ರತಿಯಲ್ಲಿ ‘ಖಾಸಗಿ ಸಂಗ್ರಹ, ಗುರುತು ತೆಗೆದಿದೆ’ ಅಂತ ಹಾಕಿ. ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಮಾತ್ರ ನೀವು ಅದೇ ಒಕ್ಕದವರು ಎಂದು ಮುಚ್ಚಿಡದೆ ಹೇಳಿ. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲೂ ನಿಮ್ಮ ಹೆಸರು ಕೂತಿರುತ್ತದೆ, ಅಳಿಸಿ.

ಲೇಖನವನ್ನು ಕೈಬಿಡಿ ಅಂತ ನಾನು ಹೇಳುತ್ತಿಲ್ಲ. ಕಾಗದ 1838ರದ್ದೇ ಅಂತ ಗಟ್ಟಿಯಾದರೆ ದಂಗೆಯ ಕತೆಗಿಂತ ಒಳ್ಳೆಯ ಪ್ರಶ್ನೆ ಅದರಲ್ಲಿದೆ. ಕೆನರಾಕ್ಕೆ ಸೇರಿದ ಮೇಲೆ ಕಂದಾಯವನ್ನು ನಗದಾಗಿಯೇ ಕಟ್ಟಬೇಕಾಯಿತು ಎಂಬುದು ದಂಗೆಗೆ ಕೊಡುವ ಮುಖ್ಯ ಕಾರಣಗಳಲ್ಲಿ ಒಂದು. ಹಾಗಿರುವಾಗ ಘಟ್ಟದ ಮೇಲೆ ನಿಮ್ಮ ನಾಡಿನಲ್ಲಿ ಇನ್ನೂ ಭತ್ತ, ಆಳಿನ ಲೆಕ್ಕ ನಡೆಯುತ್ತಿತ್ತಾ? ಎಷ್ಟು ದಿನ? ಯಾರ ಹೆಸರಿನಲ್ಲಿ? ಇದನ್ನು ಮೊದಲ ಪ್ಯಾರಾದಲ್ಲೇ ಕೇಳಿ. ಈಗಿರುವ ಮೊದಲ ಆರು ಪುಟ, ಅಂದರೆ ತಲಕಾವೇರಿ, ಮಂಜು, ಕಾಫಿ, ‘ವೀರರ ನಾಡು’ ಎಲ್ಲ ತೆಗೆದುಹಾಕಿ. ಕೊಡಗು ಎಲ್ಲಿದೆ ಅಂತ ಸಂಪಾದಕರಿಗೆ ಗೊತ್ತು.

ಕೊನೆಗೆ, ಕಾಗದವನ್ನು ಲ್ಯಾಮಿನೇಟ್ ಮಾಡಿಸುತ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ! ಬಿಸಿಗೆ ಪ್ಲಾಸ್ಟಿಕ್ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು. ಸೆಲೋಟೇಪ್ ಕೂಡ ಬೇಡ. ಮಳೆಗಾಲಕ್ಕೆ ಮುಂಚೆ ಒಣಗಿದ ಜಾಗದಲ್ಲಿ, ಆಸಿಡ್ ಇಲ್ಲದ ಕಾಗದದ ನಡುವೆ ಇಡಿ.

ಪ್ರಶ್ನೆ: ‘ಯುಜಿಸಿ ಕೇರ್ ಪತ್ರಿಕೆ, ಏಳು ದಿನದಲ್ಲಿ ಪ್ರಕಟಣೆ’ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ದುಡ್ಡು ಕಟ್ಟಬಹುದಾ? (ಕುಶಾಲನಗರ)

ಉತ್ತರ: ಕಟ್ಟಬೇಡಿ. ಕೇರ್ ಅಂದರೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದ ಪತ್ರಿಕೆಗಳ ಪಟ್ಟಿ. ಅದನ್ನು ಯುಜಿಸಿಯೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ, ಇವರು ಇನ್ನೂ ಮಾರುತ್ತಿದ್ದಾರೆ. ಏಳು ದಿನದಲ್ಲಿ ಯಾರೂ ಲೇಖನ ಪರಿಶೀಲಿಸುವುದಿಲ್ಲ. ಪಿಎಚ್‌ಡಿ ಒಪ್ಪಿಸಲು ಪ್ರಕಟಣೆ ಕಡ್ಡಾಯ ಅಂತ ಹೆದರಿಸಿದರೆ, ಆ ಷರತ್ತನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿದೆಯಾ ಅಂತ ಅಲ್ಲೇ ವಿಚಾರಿಸಿ.

ಪ್ರಶ್ನೆ: ಸಾಫ್ಟ್‌ವೇರ್‌ನಲ್ಲಿ ಹೋಲಿಕೆ ಶೇ. 9 ಬಂದಿದೆ. ಕೃತಿಚೌರ್ಯ ಇಲ್ಲ ಅಂತ ತಾನೇ ಅರ್ಥ? (ಮಡಿಕೇರಿ)

ಉತ್ತರ: ಅಲ್ಲ. ಕೃತಿಚೌರ್ಯದ ಬಗ್ಗೆ ಯುಜಿಸಿ ಮಾಡಿದ 2018ರ ನಿಯಮದಲ್ಲಿ ಶೇ. 10ರವರೆಗೆ ದಂಡ ಇಲ್ಲ, ಅಷ್ಟೇ. ಇಂಗ್ಲಿಷ್ ಗೆಜೆಟಿಯರ್‌ನ ಪುಟವನ್ನು ಕನ್ನಡಕ್ಕೆ ಇಳಿಸಿ ಹೆಸರು ಹೇಳದಿದ್ದರೆ ಸಾಫ್ಟ್‌ವೇರ್‌ಗೆ ಕಾಣದೇ ಹೋಗಬಹುದು, ಪರಿಶೀಲಕರಿಗೆ ಕಾಣುತ್ತದೆ. ಪದ ಬದಲಿಸಿ ಶೇಕಡಾ ಇಳಿಸಿಕೊಡುತ್ತೇವೆ ಅನ್ನುವ ಅಂಗಡಿಗಳ ಕಡೆ ತಲೆ ಹಾಕಬೇಡಿ. ಅವರು ಆಜ್ಞಾಪತ್ರ ಎಂಬರ್ಥದ ‘ಹುಕುಂನಾಮೆ’ಯನ್ನು ‘ಆಜ್ಞೆಯ ಹೆಸರು’ ಮಾಡಿ ಕೊಟ್ಟದ್ದನ್ನು ನಾನೇ ಓದಿದ್ದೇನೆ.

ಪ್ರಶ್ನೆ: ಒಂದೇ ಲೇಖನವನ್ನು ಮೂರು ಪತ್ರಿಕೆಗೆ ಒಟ್ಟಿಗೆ ಕಳಿಸಬಹುದಾ?

ಉತ್ತರ: ಇಲ್ಲ.

ಪ್ರಶ್ನೆ: ಪ್ರೌಢಪ್ರಬಂಧದ ಅಧ್ಯಾಯವನ್ನೇ ಕಳಿಸಿದರೆ?

ಉತ್ತರ: ‘ಹಿಂದಿನ ಅಧ್ಯಾಯದಲ್ಲಿ ನೋಡಿದಂತೆ’ ಅಂತ ಶುರುವಾಗುವ ಲೇಖನಗಳು ನನಗೆ ಬೇಕಾದಷ್ಟು ಬಂದಿವೆ. ಒಂದೇ ವಾದ ಇಟ್ಟುಕೊಂಡು ಹೊಸದಾಗಿ ಬರೆಯಿರಿ.

ಪ್ರಶ್ನೆ: ಅಡಿಟಿಪ್ಪಣಿಗಳನ್ನು ಎಐ ಹತ್ತಿರ ಮಾಡಿಸಬಹುದಾ?

ಉತ್ತರ: ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಸಮೇತ ಟಿಪ್ಪಣಿ ಬರುತ್ತದೆ. ನಿಮ್ಮಿಷ್ಟ.

ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಿ ಕಳಿಸಿದೆ. ಏನೂ ಓದಲಾಗುತ್ತಿಲ್ಲ ಅಂತ ಉತ್ತರ ಬಂತು. (ಸೋಮವಾರಪೇಟೆ)

ಉತ್ತರ: ನುಡಿಯ ಹಳೆಯ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲ. ಯೂನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅಂಕಿಗಳನ್ನು ಒಂದೊಂದಾಗಿ ನೋಡಿ. ಜೊತೆಗೆ ಪಿಡಿಎಫ್ ಕಳಿಸಿ.

ಪ್ರಶ್ನೆ: ಕಳಿಸಿ ಎರಡು ವಾರ ಆಯಿತು. ಸಂಪಾದಕರಿಗೆ ಫೋನ್ ಮಾಡಲಾ?

ಉತ್ತರ: ಬೇಡ. ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಾಲ್ಕು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಎರಡು ಸಾಲಿನ ಇಮೇಲ್ ಹಾಕಿ. ಲೇಖನದ ಹೆಸರು, ಕಳಿಸಿದ ತಾರೀಕು ಇದ್ದರೆ ಸಾಕು.