ಛೆಟ್ರಿ ಕಾನ್ಸಾಸ್ ಸಿಟಿಗೆ ಆಡಿದ್ದು ಸೊನ್ನೆಯೋ ಒಂದೋ?

ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ ಯಾವ ಕ್ಲಬ್‌ಗೆ ಎಷ್ಟು ಪಂದ್ಯ ಆಡಿದರು, ಎಷ್ಟು ಗೋಲು ಹೊಡೆದರು ಎಂದು ಪಟ್ಟಿ ಮಾಡುವವರಿಗೆ ಈ ಗೊಂದಲ ಎದುರಾಗುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿ ಪರ ಆಡಿದ ಪಂದ್ಯ ಒಂದು ಪಟ್ಟಿಯಲ್ಲಿ ಸೊನ್ನೆ, ಇನ್ನೊಂದರಲ್ಲಿ ಒಂದು ಎಂದು ಬರಲು ಕಾರಣ ಬಹುಶಃ ಇದು: ಮೊದಲನೆಯದು ಲೀಗ್ ಪಂದ್ಯಗಳನ್ನಷ್ಟೇ ಎಣಿಸುತ್ತದೆ. 2010ರಲ್ಲಿ ಛೆಟ್ರಿ ಕಾನ್ಸಾಸ್ ಸಿಟಿ ವಿಜರ್ಡ್ಸ್ ಪರ ಎಂಎಲ್‌ಎಸ್ (ಅಲ್ಲಿನ ಮುಖ್ಯ ಲೀಗ್) ಪಂದ್ಯ ಆಡಲೇ ಇಲ್ಲ, ಇಳಿದದ್ದು ಲೀಗಿನಿಂದ ಬೇರೆಯಾದ ಯು.ಎಸ್. ಓಪನ್ ಕಪ್ ಟೂರ್ನಿಯಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ್ದು ಸ್ನೇಹಪಂದ್ಯ, ಅದನ್ನು ಬಿಟ್ಟುಬಿಡಿ.

ಮೊದಲು ಲೀಗ್, ಕಪ್ ಕಾಲಂ ಬೇರೆ ಮಾಡಿ. ಆಮೇಲೆ ಪೋರ್ಚುಗಲ್ ಸಾಲು ನೋಡಿ: 2012ರಲ್ಲಿ ಸೇರಿದ್ದು ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ, ಆಡಿದ್ದು ಅದರ 'ಬಿ' ತಂಡಕ್ಕೆ, ಎರಡನೇ ದರ್ಜೆಯ ಲೀಗಿನಲ್ಲಿ. ಇದನ್ನು ಮುಖ್ಯ ತಂಡದ ಲೆಕ್ಕಕ್ಕೆ ಹಾಕಿದರೆ ಇಡೀ ಪಟ್ಟಿಯೇ ಕೆಡುತ್ತದೆ. ಅದೇ ಸೀಸನ್ನಿನಲ್ಲಿ, 2013ರ ಆರಂಭದಲ್ಲಿ, ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಲೋನ್ ಮೇಲೆ (ತಾತ್ಕಾಲಿಕವಾಗಿ) ಬಂದರು. ಅಲ್ಲಿ ಹೊಡೆದ ಗೋಲುಗಳಿಗೆ ಪ್ರತ್ಯೇಕ ಐ-ಲೀಗ್ (ಆಗಿನ ಭಾರತದ ಮುಖ್ಯ ಲೀಗ್) ಸಾಲು ಬೇಕು. ಕೊನೆಗೆ, 2015 ಮತ್ತು 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಲೆಕ್ಕ ಮುಂಬೈ ಸಿಟಿಯದು, ಬೆಂಗಳೂರು ಎಫ್‌ಸಿಗೆ ಸೇರಿಸಬೇಡಿ.