ನಿಮ್ಮ ಸರ್ವರ್ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ,

ಹಿಂಜವಡಿಯಿಂದ ನೀವು ಕಳಿಸಿದ 'ಹದಿನಾಲ್ಕು ಸಾಲಿನ ವೆಬ್ ಸರ್ವರ್' ಲೇಖನ, ಅಂದರೆ ಪುಟ್ಟದೊಂದು ಶೆಲ್ ಸ್ಕ್ರಿಪ್ಟ್ (ಸಾಲಾಗಿ ಬರೆದಿಟ್ಟ ಕಮಾಂಡ್‌ಗಳು) ಬ್ರೌಸರ್‌ಗೆ ಫೈಲ್ ಕೊಡುವ ಕಥೆ, ಎರಡು ಸಲ ಓದಿದೆ. ಒಮ್ಮೆ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡು, ಇನ್ನೊಮ್ಮೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಇಂಟರ್ನೆಟ್ ಹುಟ್ಟಿದ ಕಥೆ ಬೇಕಾದವರಿಗೆ ಬೇರೆ ಕಡೆ ಸಿಗುತ್ತದೆ. ಡಬ್ಬಾವಾಲಾ ಹೋಲಿಕೆಯೂ ಬೇಡ. ನಮ್ಮ ಕಡೆಯಿಂದ ಬರುವ ಟೆಕ್ ಲೇಖನಗಳಲ್ಲಿ ಡಬ್ಬಿ ಹೊತ್ತು ಹೊತ್ತು ಪಾಪ ಅವರಿಗೂ ಸಾಕಾಗಿರಬೇಕು. ಇನ್ನು ಸರ್ವರ್‌ಗೆ 'ಪರಿಚಾರಕ' ಅಂದಿದ್ದೀರಿ. ಓದುವಾಗ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕೂತ ಹಾಗಾಯಿತು.

ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಐದನೇ ಪುಟದಲ್ಲಿ. ರಾತ್ರಿ ಸ್ಕ್ರಿಪ್ಟ್ ಓಡಿಸಿದಿರಿ, ಬ್ರೌಸರ್ ಸುಮ್ನೆ ಸುತ್ತುತ್ತಾ ಕೂತಿತು. ಖಾಲಿ ಸಾಲು ಬಂದರೆ ಹೆಡರ್ (ಬ್ರೌಸರ್ ಮೊದಲು ಕಳಿಸುವ ವಿವರದ ಸಾಲುಗಳು) ಮುಗಿಯಿತು ಅಂತ ಲೂಪ್ ಬರೆದಿದ್ದಿರಿ. ಲೂಪ್ ಮುಗಿಯಲೇ ಇಲ್ಲ. ಬ್ರೌಸರ್, ಸರ್ವರ್ ಮಾತಾಡುವ ಭಾಷೆಯಾದ ಎಚ್‌ಟಿಟಿಪಿಯಲ್ಲಿ ಹೆಡರ್‌ನ ಪ್ರತಿ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಎರಡು ಗುರುತು ಇರುತ್ತವೆ: ಕ್ಯಾರೇಜ್ ರಿಟರ್ನ್, ಅದರ ಬೆನ್ನಿಗೇ ಲೈನ್‌ಫೀಡ್. ಶೆಲ್‌ನಲ್ಲಿ ಸಾಲು ಓದುವ 'ರೀಡ್' ಕಮಾಂಡ್ ಲೈನ್‌ಫೀಡ್ ಒಂದನ್ನೇ ನುಂಗುತ್ತದೆ, ಇನ್ನೊಂದು ಹಾಗೇ ಉಳಿಯುತ್ತದೆ. ನಮ್ಮ ಕಣ್ಣಿಗೆ ಖಾಲಿ ಸಾಲು, ಶೆಲ್‌ಗೆ ಒಂದಕ್ಷರದ ಸಾಲು! ಕಾಣದ ಅಕ್ಷರಗಳನ್ನೂ ತೋರಿಸುವ 'ಓಡಿ' (od) ಕಮಾಂಡ್ ಹಾಕಿ ಆ ಕಳ್ಳನನ್ನು ಹಿಡಿದಿದ್ದೀರಿ, ಆದರೆ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಪರದೆ ಮೇಲೆ ಏನು ಕಂಡಿತು, ಮೊದಲು ಯಾವುದರ ಮೇಲೆ ಅನುಮಾನ ಬಂತು, ಎಲ್ಲ ಬರೆಯಿರಿ. ಲೇಖನ ಅಲ್ಲಿಂದಲೇ ಶುರುವಾಗಲಿ.

ತಲೆಬರಹದ ಮೇಲೂ ಒಂದು ತಕರಾರು ಇದೆ. ಪೋರ್ಟ್ (ಕನೆಕ್ಷನ್ ಬರುವ ನಂಬರಿನ ಬಾಗಿಲು) ಹಿಡಿದು ಕಾಯುವ ಕೆಲಸ ನಿಮ್ಮ ಹದಿನಾಲ್ಕು ಸಾಲು ಮಾಡುವುದೇ ಇಲ್ಲ, ಅಲ್ವಾ? ಅದನ್ನು ಮಾಡುವುದು ಇನೆಟ್‌ಡಿ ಅನ್ನುವ ಪ್ರೋಗ್ರಾಂ, 1986ರ 4.3 ಬಿಎಸ್‌ಡಿ ಯುನಿಕ್ಸ್ ಜೊತೆ ಬಂದ ಹಳೇ ಜೀವ. ಹೋಲಿಕೆ ಬೇಕೇ ಬೇಕು ಅಂದರೆ ನಿಮ್ಮ ಸೊಸೈಟಿಯ ವಾಚ್‌ಮನ್ ನೋಡಿ. ಎಲ್ಲ ಮನೆಯವರೂ ಗೇಟಲ್ಲಿ ನಿಲ್ಲುವುದಿಲ್ಲ. ಅವನೊಬ್ಬ ಕೂತಿರುತ್ತಾನೆ, ಯಾರಾದರೂ ಬಂದರೆ ಆಯಾ ಮನೆಯವರನ್ನು ಎಬ್ಬಿಸುತ್ತಾನೆ. ಇನೆಟ್‌ಡಿ ಹಾಗೇ ಸ್ಕ್ರಿಪ್ಟನ್ನು ಎಬ್ಬಿಸಿ, ಬಂದ ಕನೆಕ್ಷನ್ನನ್ನು ಅದರ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್‌ಗೆ (ಅದು ಎಂದಿನಂತೆ ಓದುವ, ಬರೆಯುವ ಜಾಗಕ್ಕೆ) ಜೋಡಿಸುತ್ತದೆ. ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್ನಿನ ತುದಿ) ಅಂದರೇನು ಅಂತಲೇ ಗೊತ್ತಿಲ್ಲದ ಸ್ಕ್ರಿಪ್ಟ್ ಬರೀ ಓದುವ ರೀಡ್, ಬರೆಯುವ ಎಕೋ ಇಟ್ಟುಕೊಂಡು ಬ್ರೌಸರ್ ಜೊತೆ ಮಾತಾಡುವುದು ಈ ಕಾರಣಕ್ಕೆ. ಇದಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು. ಡಬ್ಬಾವಾಲಾಗೆ ಒಂದು ಪುಟ!

ಇನ್ನೊಂದು, ಇದು ಸಣ್ಣದಲ್ಲ. ಕೇಳಿದ ಫೈಲಿನ ಹೆಸರನ್ನು ನಿಮ್ಮ ಸ್ಕ್ರಿಪ್ಟ್ ಕಣ್ಣುಮುಚ್ಚಿ, ಫೈಲಿನಲ್ಲಿರುವುದನ್ನೆಲ್ಲ ಹೊರಹಾಕುವ 'ಕ್ಯಾಟ್' ಕಮಾಂಡ್‌ಗೆ ಕೊಡುತ್ತದೆ. ಬ್ರೌಸರ್ ಫೈಲಿನ ವಿಳಾಸದಲ್ಲಿರುವ ಚುಕ್ಕಿಗಳನ್ನು (ಎರಡು ಚುಕ್ಕಿ ಅಂದರೆ ಮೇಲಿನ ಫೋಲ್ಡರ್) ತಾನೇ ಸರಿಮಾಡಿ ಕಳಿಸುವುದರಿಂದ ನಿಮಗೆ ಗೊತ್ತಾಗಿಲ್ಲ. ನಾನು ಸರ್ವರ್‌ಗೆ ನೇರವಾಗಿ ಸಾಲು ಕಳಿಸುವ ನೆಟ್‌ಕ್ಯಾಟ್‌ನಲ್ಲಿ ಕೈಯಾರೆ ಟೈಪ್ ಮಾಡಿ, ಎರಡೆರಡು ಚುಕ್ಕಿ ಇಟ್ಟು ಮೇಲಿನ ಫೋಲ್ಡರ್‌ಗಳಿಗೆ ಹತ್ತಿದೆ. ಮೆಷಿನ್ನಿನ ಯೂಸರ್ ಪಟ್ಟಿ ಪೂರ್ತಿ ಬಂದು ಬಿತ್ತು. ಓದುಗರು ಇದನ್ನು ಆಫೀಸಿನಲ್ಲಿ ಓಡಿಸಿಯಾರು, ಮಾರಾಯರೇ. ಎರಡು ಚುಕ್ಕಿ ಕಂಡರೆ ಬಾಗಿಲು ಹಾಕುವ ಸಾಲು ಸೇರಿಸಿ, 127.0.0.1 (ನಮ್ಮದೇ ಮೆಷಿನ್ನಿನ ವಿಳಾಸ) ಬಿಟ್ಟು ಬೇರೆಲ್ಲೂ ತೆರೆಯಬೇಡಿ ಅಂತಲೂ ಬರೆಯಿರಿ. ಹದಿನಾಲ್ಕು ಸಾಲು ಹದಿನೇಳಾದರೆ ಆಗಲಿ.

ಹಾಂ, ನನ್ನ ಲ್ಯಾಪ್‌ಟಾಪ್‌ನಲ್ಲಿ ಇನೆಟ್‌ಡಿ ಇರಲಿಲ್ಲ. ಪೋರ್ಟ್ ಕಾಯುವ ಅದೇ ಕೆಲಸ ಮಾಡಬಲ್ಲ ಸೋಕ್ಯಾಟ್ ಹಾಕಿ ಓಡಿಸಿದೆ. ಓದುಗರಲ್ಲೂ ತುಂಬಾ ಜನರ ಹತ್ತಿರ ಇರುವುದಿಲ್ಲ, ಆ ಕಮಾಂಡನ್ನೂ ಕೊಡಿ.