ದಪ್ಪ ಆ್ಯಂಟಿ-ರೋಲ್ ಬಾರ್ ಹಾಕಿಸಿದರೆ ಮೌಂಟ್ ಕೂಡ ಬಲಪಡಿಸಬೇಕಾ?

ದಾವಣಗೆರೆಯಲ್ಲಿ ಹಳೆ ಸ್ಪೋರ್ಟ್ಸ್ ಕಾರಿನ 20 ಮಿ.ಮೀ. ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ಜಾಸ್ತಿ ವಾಲದಂತೆ ಎಡ-ಬಲ ಚಕ್ರಗಳನ್ನು ಜೋಡಿಸುವ ಸರಳು) ತೆಗೆಸಿ 24 ಮಿ.ಮೀ. ಹಾಕಿಸುತ್ತಿದ್ದೀರಿ, ಅದನ್ನು ಕಾರಿಗೆ ಹಿಡಿದಿಡುವ ಬ್ರಾಕೆಟ್, ಅಂದರೆ ಮೌಂಟಿಗೂ ಏನಾದರೂ ಮಾಡಿಸಬೇಕಾ ಅಂತ ಕೇಳಿದ್ದೀರಿ. ಮಾಡಿಸಿ.

ನಾಲ್ಕೇ ಮಿ.ಮೀ. ಅಲ್ವಾ ಅನ್ನಿಸುತ್ತದೆ. ಆದರೆ ಟೊಳ್ಳಿಲ್ಲದ ಬಾರ್‌ನ ಬಿಗಿತ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. ಇಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಆ ಹೆಚ್ಚಿನ ಬಲವನ್ನೆಲ್ಲ ತಡೆದುಕೊಳ್ಳಬೇಕಾದದ್ದು ಹಳೆ ಬಾರ್‌ಗೆಂದು ಮಾಡಿದ ತಗಡಿನ ಬ್ರಾಕೆಟ್.

ಹಂಪ್ ನೇರವಾಗಿ ಹತ್ತಿಸಿದರೆ ಚಿಂತೆಯಿಲ್ಲ. ಎರಡೂ ಚಕ್ರ ಒಟ್ಟಿಗೆ ಏಳುತ್ತವೆ, ಬಾರ್ ತನ್ನ ಸುತ್ತಲಿನ ರಬ್ಬರ್ ಬುಷ್ ಒಳಗೆ ಸುಮ್ನೆ ತಿರುಗುತ್ತದೆ. ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುವಾಗ ಒಂದೇ ಚಕ್ರ ಗುಂಡಿಗೆ ಬಿತ್ತು ನೋಡಿ, ಆಗ ಬಾರ್ ತಿರುಚಿಕೊಂಡು ಪೆಟ್ಟು ಮೌಂಟಿಗೆ.

ಮೊದಲು ಮಣ್ಣು ತೊಳೆಸಿ, ಬೋಲ್ಟ್ ತೂತಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ಪೇಂಟ್ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಬಿರುಕು ಶುರುವಾಗಿರಬಹುದು. ನಿಮ್ಮ ಮಾಡೆಲ್‌ಗೆ ಬೋಲ್ಟ್ ಹಾಕಿ ಕೂರಿಸುವ ಬ್ರೇಸ್ (ಮೌಂಟಿಗೆ ಆಸರೆ ಕೊಡುವ ಪಟ್ಟಿ) ಸಿಕ್ಕರೆ ಅದೇ ವಾಸಿ. ಸಿಗದಿದ್ದರೆ ಪ್ಲೇಟ್ ವೆಲ್ಡ್ ಮಾಡಿಸಿ, ತೂತಿನ ಸುತ್ತಷ್ಟೇ ಅಲ್ಲ, ಅಗಲಕ್ಕೆ ಹರಡಿರಲಿ. ಗೇಟು, ಗ್ರಿಲ್ ಮಾಡುವವರ ಹತ್ತಿರ ಮಾತ್ರ ಬೇಡ. ಕಾರಿನ ಬಾಡಿ ಕೆಲಸ ಗೊತ್ತಿರುವವರೇ ಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ. ಬುಷ್ ಕೂಡ 24ರದ್ದೇ ತರಿಸಿ, ಹಳೆಯದನ್ನು ಕೊರೆದು ದೊಡ್ಡದು ಮಾಡಲು ಬಿಡಬೇಡಿ.